ಮುಚ್ಚಳವಿಲ್ಲದ ಡಬ್ಬಿ: ಮಾಲಗಾಡಿಯ ತೆರೆದ ವ್ಯಾಗನ್ನಿನ ಇತಿಹಾಸ



ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಒಂದು ಪ್ರಶ್ನೆ ಕಳುಹಿಸಿದ್ದರು. "ಗುರುಗಳೇ, ಗದಗ ನಿಲ್ದಾಣದಲ್ಲಿ ಹಾದುಹೋಗುವ ಮಾಲಗಾಡಿಯ ಡಬ್ಬಿಗಳ ಮೇಲೆ ‘ಬಿಓಎಕ್ಸ್ಎನ್’ ಎಂದು ಬರೆದಿರುತ್ತದೆ. ಪೆಟ್ಟಿಗೆಯಂತೆ ಇರುವುದರಿಂದ ಬಾಕ್ಸ್ ಎಂದಿರಬಹುದು, ಸರಿ. ಕೊನೆಯ ‘ಎನ್’ ಏಕೆ?" ಪ್ರಶ್ನೆ ಚಿಕ್ಕದು. ಆದರೆ ಅದಕ್ಕೆ ಸರಿಯಾದ ಉತ್ತರ ಹೇಳಹೊರಟರೆ ನೂರೈವತ್ತು ವರ್ಷಗಳಿಗೂ ಮೀರಿದ ಇತಿಹಾಸವನ್ನು ಹೇಳಬೇಕಾಗುತ್ತದೆ. ಅದರಲ್ಲಿ ನಮ್ಮ ಲಕ್ಷ್ಮೇಶ್ವರ ಸೀಮೆಯ ಲಾಭ ನಷ್ಟದ ಲೆಕ್ಕವೂ ಅಡಗಿದೆ. ಆದ್ದರಿಂದ ಒಬ್ಬರಿಗೆ ಬರೆಯುವ ಉತ್ತರವನ್ನು ಎಲ್ಲರಿಗೂ ಬರೆಯುತ್ತಿದ್ದೇನೆ.

ಲಕ್ಷ್ಮೇಶ್ವರಕ್ಕೆ ಇಂದಿಗೂ ರೈಲು ಬಂದಿಲ್ಲ. ಉತ್ತರಕ್ಕೆ ಗದಗ, ಪಶ್ಚಿಮಕ್ಕೆ ಗುಡಗೇರಿ ಮತ್ತು ಯಲವಿಗಿ, ಇವೇ ನಮಗೆ ಹತ್ತಿರದ ನಿಲ್ದಾಣಗಳು. ಪುಲಿಗೆರೆ ಎಂಬ ಹೆಸರಿನಿಂದ ಹಳಗನ್ನಡದ ಕವಿಗಳಿಗೆ ಪರಿಚಿತವಾಗಿದ್ದ ನಮ್ಮ ಊರು ಬ್ರಿಟಿಷರ ಕಾಲದಲ್ಲಿ ಮೀರಜ ಸಂಸ್ಥಾನಕ್ಕೆ ಸೇರಿತ್ತು. ಸುತ್ತಲಿನ ಪ್ರದೇಶ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯದಾಗಿತ್ತು. ಸಂಸ್ಥಾನದ ಗಡಿಗಳು ಹೇಗೇ ಇರಲಿ, ಹೊಲದಲ್ಲಿ ಬೆಳೆದ ಹತ್ತಿಗೆ ಅದಾವುದೂ ತಿಳಿಯದು. ಅದಕ್ಕೆ ಬೇಕಾದದ್ದು ಬಂದರಿಗೆ ಹೋಗುವ ದಾರಿ. ಆ ದಾರಿ ಮೊದಲು ಚಕ್ಕಡಿಯದಾಗಿತ್ತು.

ಚಕ್ಕಡಿಯಿಂದಲೇ ಆರಂಭಿಸುವುದಕ್ಕೆ ಕಾರಣವಿದೆ. ನಮ್ಮ ರೈತನು ಯಾವ ಗ್ರಂಥವನ್ನೂ ಓದದೆ ತನ್ನ ಬಂಡಿಯನ್ನು ವರ್ಗೀಕರಿಸಿದ್ದನು. ಮಂದಿ ಕುಳಿತು ಜಾತ್ರೆಗೆ ಹೋಗುವಾಗ ಕಮಾನು ಕಟ್ಟಿ ಮೇಲೆ ಹೊದಿಕೆ ಹಾಕುತ್ತಿದ್ದನು. ಗೊಬ್ಬರ ಹೇರುವಾಗ ಎರಡೂ ಬದಿಗೆ ತಟ್ಟಿ ಕಟ್ಟುತ್ತಿದ್ದನು. ಕಲ್ಲು ತರುವಾಗ ತಟ್ಟಿಯನ್ನೂ ತೆಗೆದುಹಾಕುತ್ತಿದ್ದನು. ಕಲ್ಲು ಭಾರ, ಆದರೆ ಅದು ಆಕ್ರಮಿಸುವ ಜಾಗ ಕಡಿಮೆ. ಸೊಪ್ಪೆ ಹಗುರ, ಆದರೆ ಬಂಡಿ ತುಂಬಿ ಮೇಲೆದ್ದು ನಿಲ್ಲುತ್ತದೆ. ಹೊದಿಕೆ ಬೇಕೇ ಬೇಡವೇ, ಬದಿಯ ಗೋಡೆ ಎಷ್ಟು ಎತ್ತರವಿರಬೇಕು, ಎತ್ತು ಎಷ್ಟು ಎಳೆದೀತು, ಕೊನೆಗೆ ಇಳಿಸುವವರು ಯಾರು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದುದೇ ತೆರೆದ ವ್ಯಾಗನ್ನಿನ ಇತಿಹಾಸ. ವ್ಯಾಗನ್ನಿನ ಮೈಮೇಲಿನ ಅಕ್ಷರಗಳು ಆ ಉತ್ತರಗಳ ಸಂಕ್ಷಿಪ್ತ ರೂಪಗಳು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರನ್ನು ಸೇರುತ್ತಿತ್ತು. ಅಲ್ಲಿಂದ ಹಡಗೇರಿ ಮುಂಬಯಿಗೆ ಹೋಗುತ್ತಿದ್ದುದರಿಂದ ನಮ್ಮ ಭಾಗದ ಜವಾರಿ ಹತ್ತಿಗೆ ಪೇಟೆಯಲ್ಲಿ ‘ಕುಮಟಾ’ ಎಂಬ ಹೆಸರೇ ನಿಂತುಹೋಯಿತು. ಬೆಳೆದವರು ನಾವು, ಹೆಸರು ಬಂದರಿನದು! 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದೆ ಹೋದಾಗ ಈ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಅನಂತರ 1876–78ರ ಭೀಕರ ಬರಗಾಲ ಬಂದಿತು. ಧಾನ್ಯವಿದ್ದ ಪ್ರಾಂತದಿಂದ ಧಾನ್ಯವಿಲ್ಲದ ಪ್ರಾಂತಕ್ಕೆ ಅದನ್ನು ಸಾಗಿಸಬೇಕಾದ ಎತ್ತುಗಳೇ ಮೇವು ನೀರಿಲ್ಲದೆ ಸತ್ತುಹೋದ ಮೇಲೆ ಚಕ್ಕಡಿಯಿಂದ ಪ್ರಯೋಜನವೇನು? ಒಂದು ಕಡೆ ಹತ್ತಿ, ಇನ್ನೊಂದು ಕಡೆ ಬರ, ಈ ಎರಡು ಕಾರಣಗಳು ಕೂಡಿ ನಮ್ಮ ಭಾಗಕ್ಕೆ ರೈಲನ್ನು ತಂದವು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಆ ದಶಕದಲ್ಲಿಯೇ ಹೊಟಗಿಯಿಂದ ವಿಜಯಪುರದ ಮೇಲೆ ಗದಗದವರೆಗೆ, ಗದಗದಿಂದ ಹುಬ್ಬಳ್ಳಿಗೆ ಮತ್ತು ಹೊಸಪೇಟೆಗೆ, ಹುಬ್ಬಳ್ಳಿಯಿಂದ ಯಲವಿಗಿ, ಹಾವೇರಿಗಳ ಮೇಲೆ ಹರಿಹರಕ್ಕೆ ಹಳಿಗಳು ಬಂದವು. 1888ರ ಹೊತ್ತಿಗೆ ಪೋರ್ತುಗೀಜರ ಗೋವೆಯ ಮಾರ್ಗದ ಮೂಲಕ ಮುರಗಾಂವ ಬಂದರಿಗೂ ಸಂಪರ್ಕ ದೊರೆಯಿತು.

ಇವೆಲ್ಲವೂ ಮೀಟರ್ ಗೇಜ್ ಮಾರ್ಗಗಳು. ಹಳಿಗಳ ನಡುವಿನ ಅಂತರ 1,000 ಮಿಲಿಮೀಟರ್. ಮುಂಬಯಿ, ಮದ್ರಾಸುಗಳ ಬ್ರಾಡ್ ಗೇಜಿನಲ್ಲಿ ಅದು 1,676 ಮಿಲಿಮೀಟರ್. ಹಣ ಉಳಿಸಬೇಕೆಂದು ಲಾರ್ಡ್ ಮೇಯೋ 1870ರಲ್ಲಿ ಕೈಗೊಂಡ ನಿರ್ಧಾರದ ಫಲವಾಗಿ ಕಿರಿದಾದ ಹಳಿ ನಮ್ಮ ಪಾಲಿಗೆ ಬಂದಿತು. ಅದರ ಪರಿಣಾಮವನ್ನು ನಾವು ನೂರು ವರ್ಷಗಳಿಗಿಂತ ಹೆಚ್ಚು ಕಾಲ ಅನುಭವಿಸಿದೆವು.

ಭಾರತದಲ್ಲಿ ರೈಲು ಎಂದೊಡನೆ 1853ರ ಮುಂಬಯಿ–ಠಾಣೆ ಪ್ರಯಾಣವನ್ನು ನಾನೂ ನಿಮಗೆ ತರಗತಿಯಲ್ಲಿ ಹೇಳಿದ್ದೇನೆ. ಅದು ಪ್ರಯಾಣಿಕರ ಮಾತಾಯಿತು. ತೆರೆದ ವ್ಯಾಗನ್ ಅದಕ್ಕಿಂತ ಹಿರಿಯದು. ಮದ್ರಾಸಿನ ಬಳಿ ರೆಡ್ ಹಿಲ್ಸ್‌ನಿಂದ ರಸ್ತೆಗೆ ಹಾಕುವ ಕಲ್ಲನ್ನು ಸಾಗಿಸಲು 1837ರಲ್ಲಿಯೇ ಒಂದು ಹಳಿಮಾರ್ಗವಿತ್ತು. 1851ರ ಡಿಸೆಂಬರಿನಲ್ಲಿ ರೂರ್ಕಿಯ ಬಳಿ ಸೋಲಾನಿ ನದಿಯ ಮೇಲೆ ಗಂಗಾ ಕಾಲುವೆಯ ಮೇಲ್ಗಾಲುವೆಯನ್ನು ಕಟ್ಟುವಾಗ ಮಣ್ಣು ತುಂಬಿದ ಗಾಡಿಗಳನ್ನು ಉಗಿಯಂತ್ರವು ಎಳೆಯಿತು. ಹೀಗೆ ಈ ದೇಶದ ಹಳಿಗಳ ಮೇಲೆ ಮೊದಲು ಸವಾರಿ ಮಾಡಿದವು ಕಲ್ಲು ಮತ್ತು ಮಣ್ಣು. ಅವುಗಳಿಗೆ ಮಾಡು ಬೇಕಾಗಿರಲಿಲ್ಲ.

ಆ ಕಾಲದ ವ್ಯಾಗನ್ ನಾಲ್ಕು ಚಕ್ರದ ಸಾಧಾರಣ ಗಾಡಿ. ಎರಡು ಅಚ್ಚು, ಮೇಲೊಂದು ಕಬ್ಬಿಣದ ಚೌಕಟ್ಟು, ಅದರ ಮೇಲೆ ಹಲಗೆಯ ತೊಟ್ಟಿ. ನಮ್ಮ ದೇಶದ ಬಿಸಿಲಿಗೆ ಹಲಗೆ ಸೀಳುತ್ತಿತ್ತು, ಗೆದ್ದಲು ಹಿಡಿಯುತ್ತಿತ್ತು. ಹಾಗಾಗಿ ಕ್ರಮೇಣ ಗೋಡೆಗಳೂ ಉಕ್ಕಿನವಾದವು. ಹಾವಡಾದ ಬರ್ನ್, ಕಲ್ಕತ್ತೆಯ ಜೆಸ್ಸಪ್ ಮುಂತಾದ ಕಾರ್ಖಾನೆಗಳು ಇಲ್ಲಿಯೇ ವ್ಯಾಗನ್ ಕಟ್ಟತೊಡಗಿದವು. ಹುಬ್ಬಳ್ಳಿಯಲ್ಲಿ ಸದರ್ನ್ ಮರಾಠಾ ಕಂಪನಿ ತೆರೆದ ಕಾರ್ಯಾಗಾರವು ದುರಸ್ತಿಯ ದೊಡ್ಡ ಕೇಂದ್ರವಾಗಿ ಬೆಳೆಯಿತು. ಅಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ನಿಮ್ಮಲ್ಲಿಯೂ ಇದ್ದೀರಿ.

ಜನರ ಬಾಯಲ್ಲಿ ಈ ಗಾಡಿಗೆ ಬೇರೆ ಬೇರೆ ಹೆಸರುಗಳು. ನಮ್ಮ ಕಡೆ ಅದು ‘ಡಬ್ಬಿ’. ಮರಾಠಿಯಲ್ಲಿ ‘ವ್ಯಾಗನ್’ ಎಂಬ ಶಬ್ದವು ‘ವಾಘೀಣ’ ಆಗಿಹೋಯಿತು. ವಾಘೀಣ ಎಂದರೆ ಹೆಣ್ಣುಹುಲಿ. ಕಲ್ಲಿದ್ದಲು ಹೊತ್ತು ಗುಡುಗುತ್ತ ಬರುವ ಗಾಡಿಗೆ ಆ ಹೆಸರು ಒಪ್ಪದೇ ಇಲ್ಲ.

ಆದರೆ ಕಚೇರಿಗೆ ಇಂಥ ಹೆಸರುಗಳಿಂದ ಕೆಲಸ ನಡೆಯದು. ಆಗ ಒಂದೊಂದು ಪ್ರದೇಶಕ್ಕೆ ಒಂದೊಂದು ಕಂಪನಿ, ಒಂದೊಂದು ಕಂಪನಿಗೆ ತನ್ನದೇ ವ್ಯಾಗನ್ನುಗಳು. ಒಂದು ಕಂಪನಿಯ ವ್ಯಾಗನ್ ಇನ್ನೊಂದರ ಹಳಿಯ ಮೇಲೆ ಹೋದರೆ ಬಾಡಿಗೆ ಎಷ್ಟು, ಮುರಿದರೆ ರಿಪೇರಿ ಯಾರದು, ಅದರಲ್ಲಿ ಎಷ್ಟು ಮಾಲು ಹಿಡಿಯುತ್ತದೆ ಎಂಬ ತಕರಾರುಗಳು ಎದ್ದವು. ಇವನ್ನು ಬಗೆಹರಿಸಲು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಡಿಯನ್ ರೈಲ್ವೆ ಕಾನ್ಫರೆನ್ಸ್ ಅಸೋಸಿಯೇಷನ್ ಎಂಬ ಸಂಸ್ಥೆ ಹುಟ್ಟಿತು. ವ್ಯಾಗನ್ನುಗಳ ವಿನಿಮಯದ ನಿಯಮಗಳು, ತಪಾಸಣೆ, ಸಂಕೇತಾಕ್ಷರಗಳು ಎಲ್ಲವೂ ಅದರ ಆಶ್ರಯದಲ್ಲಿ ಒಂದು ಕ್ರಮಕ್ಕೆ ಬಂದವು. ಮಾಡು ಇರುವ ವ್ಯಾಗನ್ನಿಗೆ ‘ಸಿ’, ಮಾಡಿಲ್ಲದ ತೆರೆದ ವ್ಯಾಗನ್ನಿಗೆ ‘ಕೆ’, ಎಣ್ಣೆಯ ಟ್ಯಾಂಕಿಗೆ ‘ಟಿ’, ಹೀಗೆ. ವರ್ಗೀಕರಣವೆಂಬುದು ಪಂಡಿತರ ಹವ್ಯಾಸವಲ್ಲ, ಜಗಳ ತಪ್ಪಿಸುವ ಉಪಾಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಇದು ನಮ್ಮಲ್ಲಿ ಮಾತ್ರ ನಡೆದುದಲ್ಲ. ಜರ್ಮನಿಯಲ್ಲಿ ತೆರೆದ ವ್ಯಾಗನ್ನಿಗೆ ಬಹುಕಾಲ ‘ಓ’ ಅಕ್ಷರವಿತ್ತು. ಆ ಭಾಷೆಯಲ್ಲಿ ‘ಓಫನ್’ ಎಂದರೆ ತೆರೆದದ್ದು. 1960ರ ದಶಕದಲ್ಲಿ ಯುರೋಪಿನ ದೇಶಗಳೆಲ್ಲ ಒಂದೇ ಪದ್ಧತಿಗೆ ಬಂದಾಗ ಸಾಮಾನ್ಯ ಬಗೆಯ, ಎತ್ತರದ ಗೋಡೆಯ ತೆರೆದ ವ್ಯಾಗನ್ನಿಗೆ ‘ಇ’, ವಿಶೇಷ ಬಗೆಯದಕ್ಕೆ ‘ಎಫ್’ ಎಂದಾಯಿತು. ಅಮೆರಿಕದಲ್ಲಿ ಇದನ್ನು ಗೊಂಡೋಲಾ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಗಣಿಯ ಒಡೆಯರು ತಮ್ಮ ಸ್ವಂತ ವ್ಯಾಗನ್ನುಗಳ ಮೇಲೆ ತಮ್ಮ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆಸುತ್ತಿದ್ದರು, ನಮ್ಮಲ್ಲಿ ಲಾರಿಯ ಹಣೆಯ ಮೇಲೆ ಮನೆದೇವರ ಹೆಸರು ಬರೆಸುವಂತೆ.

ಮತ್ತೆ ನಮ್ಮ ಭಾಗಕ್ಕೆ ಬರೋಣ. 1908ರಲ್ಲಿ ಸದರ್ನ್ ಮರಾಠಾ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. 1951ರಲ್ಲಿ ಅದು ದಕ್ಷಿಣ ರೈಲ್ವೆಯಲ್ಲಿ ಸೇರಿತು. 1966ರಲ್ಲಿ ಹುಬ್ಬಳ್ಳಿ ವಿಭಾಗವು ದಕ್ಷಿಣ ಮಧ್ಯ ರೈಲ್ವೆಗೆ ಹೋಯಿತು. 2003ರ ಏಪ್ರಿಲ್ 1ರಂದು ಹುಬ್ಬಳ್ಳಿಯೇ ನೈಋತ್ಯ ರೈಲ್ವೆಯ ಕೇಂದ್ರವಾಯಿತು. ಇಷ್ಟೆಲ್ಲ ಹೆಸರು ಬದಲಾದರೂ 1990ರ ದಶಕದವರೆಗೆ ನಮ್ಮ ಮಾಲೆಲ್ಲ ಮೀಟರ್ ಗೇಜಿನ ಸಣ್ಣ ವ್ಯಾಗನ್ನುಗಳಲ್ಲಿಯೇ ಸಾಗುತ್ತಿತ್ತು. ಹತ್ತಿಗೆ ಮಾಡು ಇರುವ ಡಬ್ಬಿಯೇ ಯೋಗ್ಯ. ತೆರೆದ ಡಬ್ಬಿಯಲ್ಲಿ ಹೇರಿದರೆ ತಾಡಪತ್ರಿ ಬಿಗಿಯಬೇಕು. ಉಗಿಯಂತ್ರದ ಒಂದು ಕಿಡಿ ಬಿದ್ದರೂ ಗತಿ ಮುಗಿಯಿತು. ಕಲ್ಲು, ಮರಳು, ಕಲ್ಲಿದ್ದಲು, ಮ್ಯಾಂಗನೀಸ್ ಹಾಗೂ ಕಬ್ಬಿಣದ ಅದಿರುಗಳಿಗೆ ತೆರೆದ ಡಬ್ಬಿ.

ಹಳಿಯ ಅಗಲ ಬದಲಾಗುವ ನಿಲ್ದಾಣಗಳಲ್ಲಿ ನಡೆಯುತ್ತಿದ್ದ ಕೆಲಸವನ್ನು ಇಂದಿನ ಪೀಳಿಗೆ ಊಹಿಸಲಾರದು. ಬ್ರಾಡ್ ಗೇಜಿನ ವ್ಯಾಗನ್ ಒಂದು ಬದಿಗೆ, ಮೀಟರ್ ಗೇಜಿನ ವ್ಯಾಗನ್ ಇನ್ನೊಂದು ಬದಿಗೆ. ನಡುವೆ ಸಲಿಕೆ, ಬುಟ್ಟಿ ಹಿಡಿದ ಹಮಾಲರು. ದೂರದ ಗಣಿಯಿಂದ ಬಂದ ಕಲ್ಲಿದ್ದಲೆಲ್ಲ ಅವರ ತಲೆಯ ಮೇಲಿಂದ ದಾಟಿ ನಮ್ಮ ಕಡೆ ಬರಬೇಕು. ಲಾರ್ಡ್ ಮೇಯೋ ಉಳಿಸಿದ ಹಣದ ಒಂದು ಪಾಲನ್ನು ಇವರ ಬೆನ್ನೆಲುಬು ತೆತ್ತಿತು ಎಂದರೆ ಅತಿಶಯವಾಗದು.

ಸ್ವಾತಂತ್ರ್ಯಾನಂತರ ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಭಿಲಾಯಿ, ರೂರ್ಕೆಲಾ, ದುರ್ಗಾಪುರಗಳಲ್ಲಿ ಉಕ್ಕಿನ ಕಾರ್ಖಾನೆಗಳು ಎದ್ದವು. ನಾಲ್ಕು ಚಕ್ರದ ವ್ಯಾಗನ್ ಸುಮಾರು 22 ಟನ್ ಹೊರುತ್ತಿತ್ತು. ಅದರಿಂದ ಈ ಕಾರ್ಖಾನೆಗಳ ಹಸಿವು ಹಿಂಗುವಂತಿರಲಿಲ್ಲ. 1957ರಲ್ಲಿ ಲಖನೌದಲ್ಲಿ ರೈಲ್ವೆಯ ಸಂಶೋಧನೆ, ವಿನ್ಯಾಸ ಮತ್ತು ಗುಣಮಟ್ಟ ಸಂಸ್ಥೆ ಸ್ಥಾಪನೆಯಾಯಿತು. ಅದೇ ಕಾಲದ ಆಸುಪಾಸಿನಲ್ಲಿ ಎಂಟು ಚಕ್ರದ ಹೊಸ ತೆರೆದ ವ್ಯಾಗನ್ ಬಳಕೆಗೆ ಬಂದಿತು. ಅದರ ಹೆಸರೇ ‘ಬಿಓಎಕ್ಸ್’.

ಈಗ ಅಕ್ಷರಗಳನ್ನು ಬಿಡಿಸೋಣ. ‘ಬಿ’ ಎಂದರೆ ಬೋಗಿ. ನಾವು ಆಡುಮಾತಿನಲ್ಲಿ ಇಡೀ ಡಬ್ಬಿಗೆ ಬೋಗಿ ಎನ್ನುತ್ತೇವೆ. ಆದರೆ ರೈಲ್ವೆಯವರ ಮಾತಿನಲ್ಲಿ ಬೋಗಿ ಎಂದರೆ ಡಬ್ಬಿಯ ಕೆಳಗೆ ಇರುವ ನಾಲ್ಕು ಚಕ್ರಗಳ ಚೌಕಟ್ಟು. ಅದು ತಾನೇ ಅತ್ತಿತ್ತ ತಿರುಗಬಲ್ಲುದು. ಹಿಂದೆ ಒಂದು, ಮುಂದೆ ಒಂದು ಇಂಥ ಚೌಕಟ್ಟುಗಳಿದ್ದರೆ ಉದ್ದನೆಯ ಗಾಡಿಯೂ ತಿರುವಿನಲ್ಲಿ ಸಲೀಸಾಗಿ ಹೋಗುತ್ತದೆ. ‘ಓ’ ಎಂದರೆ ಓಪನ್, ತೆರೆದದ್ದು. ‘ಎಕ್ಸ್’ ಎಂದರೆ ಎತ್ತರದ ಗೋಡೆಯುಳ್ಳದ್ದು. ಮೂರೂ ಕೂಡಿ ಇಂಗ್ಲಿಷಿನ ‘ಬಾಕ್ಸ್’ ಎಂಬ ಪದವಾದುದು ಒಂದು ಸೊಗಸಾದ ಆಕಸ್ಮಿಕ. ಗೋಡೆ ತಗ್ಗಾಗಿದ್ದರೆ ‘ಎಕ್ಸ್’ ಬದಲು ‘ವೈ’ ಬಂದು ‘ಬಿಓವೈ’ ಆಗುತ್ತದೆ. ಮಾಡು ಇದ್ದರೆ ‘ಓ’ ಜಾಗದಲ್ಲಿ ‘ಸಿ’ ಬರುತ್ತದೆ. ಚಕ್ಕಡಿಯ ರೈತ ತಟ್ಟಿ ಕಟ್ಟುವುದು, ಬಿಚ್ಚುವುದು ಎಂದು ಮಾಡುತ್ತಿದ್ದುದನ್ನೇ ಇಲ್ಲಿ ಒಂದೊಂದು ಅಕ್ಷರವು ಮಾಡುತ್ತದೆ.

ಬಾಕಿ ಉಳಿದದ್ದು ‘ಎನ್’. 1980ರ ದಶಕದ ಆರಂಭದಲ್ಲಿ ಬಂದ ‘ಬಿಓಎಕ್ಸ್ಎನ್’ ವ್ಯಾಗನ್ನಿನಲ್ಲಿ ಈ ಅಕ್ಷರವು ಗಾಳಿಯ ಒತ್ತಡದ ಬ್ರೇಕನ್ನು, ಅಂದರೆ ಏರ್ ಬ್ರೇಕನ್ನು ಸೂಚಿಸುತ್ತದೆ. ಹಿಂದಿನ ವ್ಯಾಗನ್ನುಗಳಲ್ಲಿದ್ದುದು ನಿರ್ವಾತ ಬ್ರೇಕ್. ಕೊಳವೆಯಿಂದ ಗಾಳಿಯನ್ನು ಹೀರಿ ತೆಗೆಯುವುದು, ಬ್ರೇಕ್ ಹಾಕುವಾಗ ಹೊರಗಿನ ಗಾಳಿಯನ್ನು ಒಳಗೆ ಬಿಡುವುದು, ಇದು ಅದರ ಕ್ರಮ. ವಾತಾವರಣದ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಎಂದು ನೀವೆಲ್ಲ ವಿಜ್ಞಾನದ ತರಗತಿಯಲ್ಲಿ ಓದಿದ್ದೀರಿ. ನಿರ್ವಾತ ಬ್ರೇಕಿನ ಬಲ ಎಂದಿಗೂ ಅದನ್ನು ಮೀರಲಾರದು. ಉದ್ದನೆಯ ಗಾಡಿಯಲ್ಲಿ ಕೊನೆಯ ಡಬ್ಬಿಗೆ ಅದು ಮುಟ್ಟುವುದೂ ತಡ. ಏರ್ ಬ್ರೇಕಿನ ಕೊಳವೆಯಲ್ಲಿ 5 ಕಿಲೋಗ್ರಾಂ ಒತ್ತಡವಿರುತ್ತದೆ. ಹೀಗಾಗಿ ಉದ್ದವೂ ಭಾರವೂ ಆದ ಗಾಡಿಯನ್ನು ಭರವಸೆಯಿಂದ ನಿಲ್ಲಿಸಬಹುದು. ಹೆಚ್ಚು ಹೊರುವ ಸಾಮರ್ಥ್ಯ ಬಂದುದು ಎಳೆಯುವ ಶಕ್ತಿಯಿಂದ ಮಾತ್ರವಲ್ಲ, ನಿಲ್ಲಿಸುವ ಶಕ್ತಿಯಿಂದ. ಈ ಮಾತು ಬದುಕಿಗೂ ಹೊಂದುತ್ತದೆ. ಆದರೆ ಉಪದೇಶ ಬೇಡ, ಲೆಕ್ಕ ನೋಡೋಣ.

ಬಿಓಎಕ್ಸ್ ವ್ಯಾಗನ್ನಿನ ಉದ್ದ 13.7 ಮೀಟರ್, ಸ್ವಂತ ತೂಕ ಸುಮಾರು 25 ಟನ್, ಹೊರುವ ಭಾರ ಸುಮಾರು 55 ಟನ್. ಬಿಓಎಕ್ಸ್ಎನ್ ವ್ಯಾಗನ್ನಿನ ಉದ್ದ 10.7 ಮೀಟರ್, ಸ್ವಂತ ತೂಕ 22.5 ಟನ್, ಹೊರುವ ಭಾರ 58.8 ಟನ್. ಹೊಸದು ಹಳೆಯದಕ್ಕಿಂತ 3 ಮೀಟರ್ ಗಿಡ್ಡ! ವ್ಯಾಗನ್ನನ್ನು ಗಿಡ್ಡ ಮಾಡಿ ಏನು ಸಾಧಿಸಿದರು? ಎದುರಿನ ಗಾಡಿಗೆ ದಾರಿ ಬಿಡಲು ಮಾಲಗಾಡಿಯು ನಿಲ್ದಾಣದ ಪಕ್ಕದ ಹಳಿಯಲ್ಲಿ ಪೂರ್ತಿ ಹಿಡಿಯಬೇಕು. ಆ ಹಳಿಯ ಉದ್ದ ನಿಶ್ಚಿತವಾದುದು. 58 ಬಿಓಎಕ್ಸ್ಎನ್ ವ್ಯಾಗನ್ನುಗಳು ಸುಮಾರು 621 ಮೀಟರಿನಲ್ಲಿ ಹಿಡಿಯುತ್ತವೆ, ಸುಮಾರು 3,400 ಟನ್ ಹೊರುತ್ತವೆ. ಅದೇ ಜಾಗದಲ್ಲಿ ಹಳೆಯ ಬಿಓಎಕ್ಸ್ ವ್ಯಾಗನ್ನುಗಳು 45 ಮಾತ್ರ ಹಿಡಿಯುತ್ತವೆ. ಅವು ಹೊರುವುದು ಸುಮಾರು 2,500 ಟನ್. ಹಳಿ ಅದೇ, ನಿಲ್ದಾಣ ಅದೇ, ಒಂದು ಗಾಡಿಗೆ 900 ಟನ್ ಹೆಚ್ಚಾಯಿತು. ಈ ವ್ಯಾಗನ್ನಿನ ಜಾಣತನ ಇರುವುದು ಇಲ್ಲಿ.

ಮುಂದೆ ಇದರ ವಂಶ ಬೆಳೆಯಿತು. ಒದ್ದೆಯಾದ ಕಲ್ಲಿದ್ದಲು ಉಕ್ಕನ್ನು ತುಕ್ಕು ಹಿಡಿಸಿ ತಿನ್ನುತ್ತಿತ್ತು. ಆದ್ದರಿಂದ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನ ಮೈ ಬಂದಿತು. ಈ ಉಕ್ಕು ತೆಳುವಾಗಿದ್ದರೂ ಬಾಳುತ್ತದೆಯಾದ್ದರಿಂದ ವ್ಯಾಗನ್ನಿನ ತೂಕವೂ ಇಳಿಯಿತು. ‘ಬಿಓಎಕ್ಸ್ಎನ್‌ಎಚ್‌ಎಲ್’ ಎಂಬುದರಲ್ಲಿ ‘ಎಚ್’ ಹೆಚ್ಚಿನ ಅಚ್ಚುಭಾರವನ್ನೂ ‘ಎಲ್’ ಹಗುರವಾದ ಮೈಯನ್ನೂ ಸೂಚಿಸುತ್ತವೆ. ಅದರ ಸ್ವಂತ ತೂಕ 20.6 ಟನ್, ಹೊರುವುದು ಸುಮಾರು 71 ಟನ್. ತನ್ನ ಮೈಯ ಒಂದು ಟನ್ನಿಗೆ ಬಿಓಎಕ್ಸ್ ಸುಮಾರು 2.2 ಟನ್ ಹೊತ್ತರೆ, ಬಿಓಎಕ್ಸ್ಎನ್ 2.6 ಟನ್, ಈ ಹೊಸದು 3.4 ಟನ್ ಹೊರುತ್ತದೆ. ತಾನು ತೆಳ್ಳಗಾಗುತ್ತ ಹೆಚ್ಚು ಹೊರುವುದನ್ನು ಕಲಿತ ಪ್ರಾಣಿ ಇದು.

ಈಗ ನೀವೇ ನೋಡಿ ತಿಳಿಯಬಹುದಾದ ಒಂದು ಸಂಗತಿ. ಗದಗ ಅಥವಾ ಕೊಪ್ಪಳದ ಬಳಿ ರೈಲ್ವೆ ಸೇತುವೆಯ ಮೇಲೆ ನಿಂತು ಕೆಳಗೆ ಹೋಗುವ ತೆರೆದ ವ್ಯಾಗನ್ನುಗಳನ್ನು ನೋಡಿರಿ. ಕಲ್ಲಿದ್ದಲಿನ ವ್ಯಾಗನ್ ಅಂಚಿನವರೆಗೆ ತುಂಬಿ ಮೇಲೆ ದಿಬ್ಬವಾಗಿರುತ್ತದೆ. ಕಬ್ಬಿಣದ ಅದಿರಿನ ವ್ಯಾಗನ್ ಅರ್ಧವೂ ತುಂಬಿರುವುದಿಲ್ಲ. "ಇಷ್ಟು ಖಾಲಿ ಬಿಟ್ಟು ಒಯ್ಯುತ್ತಾರಲ್ಲ, ಎಂಥ ದಂಡ!" ಎಂದು ಅನೇಕರು ಹೇಳಿದ್ದನ್ನು ಕೇಳಿದ್ದೇನೆ. ಬಿಓಎಕ್ಸ್ಎನ್ ವ್ಯಾಗನ್ನಿನ ಒಳಗಿನ ಅವಕಾಶ ಸುಮಾರು 56 ಘನ ಮೀಟರ್. ಅದಿರಿನ ಒಂದು ಘನ ಮೀಟರ್ ಎರಡೂವರೆ ಟನ್ ತೂಗುತ್ತದೆ ಎಂದಿಟ್ಟುಕೊಂಡರೂ 58.8 ಟನ್ನಿಗೆ 24 ಘನ ಮೀಟರ್ ಸಾಕು. ಉಳಿದ ಜಾಗ ಖಾಲಿ ಇರಲೇಬೇಕು. ಅದನ್ನೂ ತುಂಬಿದರೆ ಅಚ್ಚು ಮುರಿದೀತು, ಹಳಿ ಸೀಳೀತು. ಅದಿರಿಗಾಗಿ ತಗ್ಗು ಗೋಡೆಯ ‘ಬಿಓವೈ’ ವ್ಯಾಗನ್ ಮಾಡಿದ್ದು ಈ ಕಾರಣದಿಂದಲೇ. ಗೋಡೆಯ ಎತ್ತರವೇ ಅಲ್ಲಿ ತಕ್ಕಡಿಯ ಕೆಲಸ ಮಾಡುತ್ತದೆ.

ಆ ಖಾಲಿ ಜಾಗದ ಮೇಲೆ ಒಮ್ಮೆ ಎಲ್ಲರ ಕಣ್ಣೂ ಬಿದ್ದಿತು. 2005–06ರ ಸುಮಾರಿಗೆ, ಲಾಲೂ ಪ್ರಸಾದ್ ಅವರು ರೈಲ್ವೆ ಮಂತ್ರಿಗಳಾಗಿದ್ದಾಗ, ವ್ಯಾಗನ್ನಿನ ಮೇಲೆ ಬರೆದ ಸಾಮರ್ಥ್ಯಕ್ಕಿಂತ 4, 6, ಕೆಲವು ಮಾರ್ಗಗಳಲ್ಲಿ 8 ಟನ್ ಹೆಚ್ಚು ಹೇರಲು, ಅದರ ಮೇಲೆ 2 ಟನ್ನಿನ ವಿನಾಯಿತಿಗೆ ಅನುಮತಿ ದೊರೆಯಿತು. ರೈಲ್ವೆಯ ಆದಾಯ ಏರಿತು, ದೇಶವೇ ಹೊಗಳಿತು. ಹಳಿ, ಚಕ್ರ, ಸ್ಪ್ರಿಂಗುಗಳ ಮೇಲಿನ ಒತ್ತಡದ ಬಗ್ಗೆ ತಿಳಿದವರು ಎಚ್ಚರಿಸಿದರು. ಇದೇ ಕಾಲದಲ್ಲಿ ಬಳ್ಳಾರಿ, ಹೊಸಪೇಟೆ, ಸಂಡೂರುಗಳ ಅದಿರಿಗೆ ಹೊರದೇಶಗಳಲ್ಲಿ ಅಪಾರ ಬೇಡಿಕೆಯಿತ್ತು. ನಮ್ಮ ರಸ್ತೆಗಳನ್ನು ಅದಿರಿನ ಲಾರಿಗಳು ಪುಡಿಗಟ್ಟಿದ್ದು ನಿಮಗೆಲ್ಲ ನೆನಪಿದೆ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ತಡೆಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ವರದಿ ಬಂದಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ ನಿಬಂಧನೆಗಳೊಡನೆ ಗಣಿಗಳು ಮತ್ತೆ ತೆರೆದವು. ಹೊರುವ ಪ್ರತಿಯೊಂದಕ್ಕೂ ಒಂದು ಮಿತಿಯಿದೆ ಎಂಬುದನ್ನು ವ್ಯಾಗನ್ನು ತನ್ನ ಮೈಮೇಲೆ ಬರೆದುಕೊಂಡೇ ತಿರುಗುತ್ತದೆ. ನೆಲದ ಮೇಲೆ ಹಾಗೆ ಬರೆದಿರುವುದಿಲ್ಲ.

ಹೇರಿದ್ದನ್ನು ಇಳಿಸುವುದು ಹೇಗೆ? ಇದು ನಾಲ್ಕನೆಯ ಪ್ರಶ್ನೆ. ಸಣ್ಣ ನಿಲ್ದಾಣಗಳಲ್ಲಿ ಬದಿಯ ಬಾಗಿಲು ತೆಗೆದು ಹಮಾಲರು ಸಲಿಕೆಯಿಂದ ಎಳೆಯುತ್ತಿದ್ದರು. 1985ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ ರಾಯಚೂರಿನ ಉಷ್ಣ ಸ್ಥಾವರದಂಥ ಕಡೆ ಹಾಗೆ ನಡೆಯದು. ಅಲ್ಲಿ ‘ಟಿಪ್ಲರ್’ ಎಂಬ ಯಂತ್ರವು ಇಡೀ ವ್ಯಾಗನ್ನನ್ನು ಹಿಡಿದು ಮಗುಚಿ ಕಲ್ಲಿದ್ದಲನ್ನು ಕೆಡಹುತ್ತದೆ. ತೆರೆದ ವ್ಯಾಗನ್ನಿನ ಮುಖ್ಯ ಉಪಯೋಗವೇ ಇದು. ಮಾಡು ಇದ್ದರೆ ಮಗುಚಿ ಪ್ರಯೋಜನವಿಲ್ಲ. ಇನ್ನೊಂದು ಬಗೆಯಲ್ಲಿ ತಳದ ಬಾಗಿಲು ತೆರೆದುಕೊಂಡು ಮಾಲು ತಾನೇ ಕೆಳಗಿನ ಗುಂಡಿಗೆ ಸುರಿಯುತ್ತದೆ. ಅದು ಹಾಪರ್. ಅದರ ಸಂಕೇತ ‘ಬಿಓಬಿಆರ್’; ಇಲ್ಲಿ ಎರಡನೆಯ ‘ಬಿ’ ಹಾಪರನ್ನೂ ‘ಆರ್’ ಬೇಗನೆ ಸುರಿಯುವುದನ್ನೂ ಸೂಚಿಸುತ್ತವೆ. ಹಮಾಲರ ಬೆನ್ನಿನ ಭಾರವನ್ನು ಯಂತ್ರ ಇಳಿಸಿತು, ಸಂತೋಷ. ಅವರ ಕೂಲಿಯನ್ನೂ ಇಳಿಸಿತು.

ತೆರೆದಿರುವುದಕ್ಕೂ ಒಂದು ಬೆಲೆಯಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಮುರಗಾಂವ ಬಂದರಿನಿಂದ ಹೊರದೇಶದ ಕಲ್ಲಿದ್ದಲು ಬರುತ್ತದೆ. ಘಟ್ಟದಲ್ಲಿ 37 ಅಡಿಗೆ 1 ಅಡಿ ಏರುವ ಕಡಿದಾದ ದಾರಿಯನ್ನು ಹತ್ತಿ, ಹುಬ್ಬಳ್ಳಿ ಗದಗಗಳನ್ನು ದಾಟಿ ಅದು ಹೋಗುತ್ತದೆ. ಕಲ್ಲಿದ್ದಲಿನ ಧೂಳಿನ ಬಗ್ಗೆ ವಾಸ್ಕೋದ ನಾಗರಿಕರು ಅನೇಕ ವರ್ಷಗಳಿಂದ ಪ್ರತಿಭಟಿಸಿದ್ದಾರೆ. ಹಳಿಯ ಪಕ್ಕದ ಮನೆಗಳವರಿಗೆ ‘ಓ’ ಎಂಬ ಅಕ್ಷರದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ನಾಲ್ಕು ಚಕ್ರದ ಸಣ್ಣ ವ್ಯಾಗನ್ನಿನ ಕಾಲದಲ್ಲಿ ಒಬ್ಬ ಸಾಧಾರಣ ವರ್ತಕನೂ ಒಂದು ಡಬ್ಬಿಯನ್ನು ಕೇಳಿ ಪಡೆಯಬಹುದಾಗಿತ್ತು. ಅದನ್ನು ಸಣ್ಣ ನಿಲ್ದಾಣದ ಗೂಡ್ಸ್ ಶೆಡ್ಡಿನ ಬಳಿ ಬಿಟ್ಟು ಹೋಗುತ್ತಿದ್ದರು. ನಾಲ್ಕಾರು ಚಕ್ಕಡಿಗಳಲ್ಲಿ ಶೇಂಗಾ, ಮೆಣಸಿನಕಾಯಿ, ಹತ್ತಿಯ ಅಂಡಿಗೆಗಳು ಬಂದು ಅದು ತುಂಬುತ್ತಿತ್ತು. ಮರುದಿನವೋ ಮೂರನೆಯ ದಿನವೋ ಬಂದ ಗಾಡಿ ಅದನ್ನು ಜೋಡಿಸಿಕೊಂಡು ಹೋಗುತ್ತಿತ್ತು. ದೊಡ್ಡ ಯಾರ್ಡುಗಳಲ್ಲಿ ಊರೂರಿನ ಡಬ್ಬಿಗಳನ್ನು ವಿಂಗಡಿಸಿ ಮುಂದೆ ಕಳುಹಿಸುತ್ತಿದ್ದರು. ನಿಧಾನ ನಿಜ; ಕಳವು, ವಿಳಂಬಗಳ ದೂರೂ ಇತ್ತು. ಆದರೆ ಯಲವಿಗಿಯಂಥ ನಿಲ್ದಾಣಕ್ಕೂ ದೇಶದ ಪೇಟೆಯೊಡನೆ ಒಂದು ಬಾಗಿಲು ಇತ್ತು.

1980ರ ದಶಕದಿಂದ ರೈಲ್ವೆಯು ಬಿಡಿ ಡಬ್ಬಿಯ ವ್ಯವಹಾರವನ್ನು ಕ್ರಮೇಣ ಬಿಟ್ಟು ಇಡೀ ಗಾಡಿಯ, ಅಂದರೆ ಪೂರ್ತಿ ‘ರೇಕಿ’ನ ವ್ಯವಹಾರಕ್ಕೆ ತಿರುಗಿತು. ಬಿಓಎಕ್ಸ್ಎನ್ ವ್ಯಾಗನ್ ಹುಟ್ಟಿದ್ದೇ ಈ ಪದ್ಧತಿಗಾಗಿ. ಒಂದೇ ಕಡೆ ತುಂಬಬೇಕು, ಒಂದೇ ಕಡೆ ಖಾಲಿಯಾಗಬೇಕು, ನಡುವೆ ಎಲ್ಲಿಯೂ ಬಿಚ್ಚಬಾರದು. 3,400 ಟನ್ ಎಂದರೆ ಹಳೆಯ ಸಣ್ಣ ಡಬ್ಬಿಗಳ ನೂರೈವತ್ತಕ್ಕೂ ಹೆಚ್ಚಿನ ಹೇರು. ಅಷ್ಟನ್ನು ಒಂದೇ ದಿನ ಕೊಡಬಲ್ಲವರು ಯಾರು? ಗಣಿ ಕೊಡುತ್ತದೆ, ಬಂದರು ಕೊಡುತ್ತದೆ, ಸಿಮೆಂಟಿನ ಕಾರ್ಖಾನೆ ಕೊಡುತ್ತದೆ. ಶಿರಹಟ್ಟಿಯ ಶೇಂಗಾ ವ್ಯಾಪಾರಿ ಕೊಡಲಾರ. 1990ರ ದಶಕದಲ್ಲಿ ಹುಬ್ಬಳ್ಳಿಯ ಸುತ್ತಲಿನ ಮಾರ್ಗಗಳೂ, 2008ರಲ್ಲಿ ಗದಗ–ಸೊಲ್ಲಾಪುರ ಮಾರ್ಗವೂ ಬ್ರಾಡ್ ಗೇಜ್ ಆದಾಗ ನಾವೆಲ್ಲ ಸಂಭ್ರಮಿಸಿದೆವು, ಅದು ಯೋಗ್ಯವೇ. ಹಮಾಲನ ತಲೆಯ ಮೇಲಿಂದ ಮಾಲು ದಾಟುವ ಕಷ್ಟ ತಪ್ಪಿತು. ಆದರೆ ಹಳಿ ಅಗಲವಾದಾಗ ಸಣ್ಣವರ ಬಾಗಿಲು ಕಿರಿದಾಯಿತು. ನಮ್ಮ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಎಲ್ಲವೂ ಲಾರಿಯ ಪಾಲಾದವು.

ರೈಲ್ವೆಯನ್ನು ದೂಷಿಸಲು ಇದನ್ನು ಬರೆಯುತ್ತಿಲ್ಲ. 2022–23ರಲ್ಲಿ ಭಾರತೀಯ ರೈಲ್ವೆ 1,512 ದಶಲಕ್ಷ ಟನ್ ಸರಕು ಸಾಗಿಸಿತು. ಅದರಲ್ಲಿ ಸುಮಾರು ಅರ್ಧ ಕಲ್ಲಿದ್ದಲು. ನಮ್ಮ ಮನೆಗಳಲ್ಲಿ ದೀಪ ಉರಿಯುವುದಕ್ಕೆ ಮುಚ್ಚಳವಿಲ್ಲದ ಈ ಡಬ್ಬಿಗಳಿಗೂ ಋಣಿಗಳಾಗಿರಬೇಕು. ಆದರೆ ಒಂದು ವಾಹನವನ್ನು ದೊಡ್ಡದು ಮಾಡುವಾಗ ಅದನ್ನು ಯಾರು ತುಂಬಬಲ್ಲರು ಎಂಬುದನ್ನೂ ನಿರ್ಧರಿಸಿದಂತಾಗುತ್ತದೆ. ಇದು ರೈಲಿಗೆ ಮಾತ್ರ ಸಂಬಂಧಿಸಿದ ಮಾತಲ್ಲ.

ಮಕ್ಕಳಿಗೆ ಹೇಳಿಕೊಡಬಹುದಾದ ಒಂದು ಸಂಗತಿಯನ್ನು ಸೇರಿಸುತ್ತೇನೆ. ಈಗ ಪ್ರತಿ ವ್ಯಾಗನ್ನಿನ ಮೇಲೆ 11 ಅಂಕಿಗಳ ಸಂಖ್ಯೆ ಇರುತ್ತದೆ. ಮೊದಲ ಎರಡು ಅಂಕಿಗಳು ವ್ಯಾಗನ್ನಿನ ಬಗೆಯನ್ನು ಹೇಳುತ್ತವೆ. 10ರಿಂದ 29ರವರೆಗೆ ಇದ್ದರೆ ಅದು ತೆರೆದ ವ್ಯಾಗನ್, 30ರಿಂದ 39 ಆದರೆ ಮಾಡು ಇರುವುದು. ಮುಂದಿನ ಎರಡು ಅಂಕಿಗಳು ಯಾವ ರೈಲ್ವೆಗೆ ಸೇರಿದ್ದು ಎಂಬುದನ್ನು, ಅದರ ಮುಂದಿನ ಎರಡು ತಯಾರಾದ ವರ್ಷವನ್ನು, ಅನಂತರದ ನಾಲ್ಕು ಅದರ ಕ್ರಮಸಂಖ್ಯೆಯನ್ನು ತಿಳಿಸುತ್ತವೆ. ಕೊನೆಯ ಒಂದು ಅಂಕಿಯು ಹಿಂದಿನ ಹತ್ತನ್ನು ಬರೆದುಕೊಳ್ಳುವಾಗ ತಪ್ಪಾಗಿದ್ದರೆ ಹಿಡಿದುಕೊಡುವ ಕಾವಲುಗಾರ. ರೈಲ್ವೆ ಗೇಟಿನಲ್ಲಿ ಕಾಯುವಾಗ ಮೊಬೈಲ್ ನೋಡುವುದರ ಬದಲು ಮೊಮ್ಮಕ್ಕಳಿಂದ ಇದನ್ನು ಓದಿಸಿರಿ. ಒಂದೇ ಗಾಡಿಯಲ್ಲಿ ಎಷ್ಟು ರೈಲ್ವೆಗಳ, ಎಷ್ಟು ವರ್ಷಗಳ ಡಬ್ಬಿಗಳು ಕೂಡಿವೆ ಎಂದು ಅವರೇ ಲೆಕ್ಕ ಹಾಕಲಿ. ಭೂಗೋಳ, ಇತಿಹಾಸ, ಗಣಿತ ಮೂರೂ ಒಂದೇ ಪಾಠದಲ್ಲಿ ಮುಗಿಯುತ್ತವೆ.

ಗದಗದಿಂದ ಲಕ್ಷ್ಮೇಶ್ವರದ ಮೇಲೆ ಯಲವಿಗಿಗೆ ರೈಲು ಮಾರ್ಗ ಬೇಕೆಂಬುದು ನಮ್ಮ ಭಾಗದ ಬಹುಕಾಲದ ಬೇಡಿಕೆ. ಮನವಿ ಪತ್ರಗಳಿಗೆ ನಾನೂ ಸಹಿ ಹಾಕಿದ್ದೇನೆ. ಸಭೆಗಳಲ್ಲಿ ಎಲ್ಲರೂ ಕೇಳುವುದು ಯಾವ ಎಕ್ಸ್‌ಪ್ರೆಸ್ ನಿಲ್ಲುತ್ತದೆ, ಬೆಂಗಳೂರಿಗೆ ಎಷ್ಟು ತಾಸು ಎಂದು. ನಿಮ್ಮಲ್ಲಿ ಈಗ ರೈಲ್ವೆಯಲ್ಲಿ, ಸರ್ಕಾರದಲ್ಲಿ, ಎ.ಪಿ.ಎಂ.ಸಿ.ಯಲ್ಲಿ ಕೆಲಸ ಮಾಡುವವರು ಅನೇಕರಿದ್ದೀರಿ. ನಿಮಗೆ ನನ್ನದೊಂದು ವಿನಂತಿ. ಆ ಮಾರ್ಗ ಬರುವ ದಿನ ಪ್ಲಾಟ್‌ಫಾರ್ಮಿನ ಜೊತೆಗೆ ಒಂದು ಗೂಡ್ಸ್ ಶೆಡ್ಡನ್ನೂ, ಮಾಲು ಹೇರಲು ಪಕ್ಕದ ಹಳಿಯೊಂದನ್ನೂ, ನಾಲ್ಕಾರು ರೈತರು ಕೂಡಿ ತುಂಬಬಹುದಾದಷ್ಟು ಸಣ್ಣ ಹೇರಿಗೆ ಒಪ್ಪಿಗೆಯನ್ನೂ ಕೇಳಿರಿ.